ಓದುಗರ ಪ್ರಶ್ನೆ, ವೈದ್ಯರ ಉತ್ತರ: ಇಳಿದ ತೂಕ ಮರಳಿ ಬಂದಾಗ

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಕುರಿತು ಈ ಅಂಕಣದಲ್ಲಿ ಹಿಂದೊಮ್ಮೆ ಬರೆದ ಬಳಿಕ ಬಂದ ಪತ್ರಗಳಲ್ಲಿ ‘ಮಾಡಿಸಿಕೊಳ್ಳಬಹುದೇ’ ಎಂದು ಕೇಳಿದವರಿಗಿಂತ ‘ಮಾಡಿಸಿಕೊಂಡೆ, ಇಳಿಯಿತು, ಈಗ ಮತ್ತೆ ಏರುತ್ತಿದೆ’ ಎಂದು ಬರೆದವರೇ ಹೆಚ್ಚು. ಕಾಸರಗೋಡು ಜಿಲ್ಲೆಯಿಂದ ಬಂದ ನಾಲ್ಕು ಪತ್ರಗಳನ್ನು ಈ ಸಲ ಆರಿಸಿಕೊಂಡಿದ್ದೇನೆ. ಮೊದಲನೆಯ ಪತ್ರದಲ್ಲಿ ಉಳಿದ ಅನೇಕರ ಸಂಶಯಗಳೂ ಅಡಗಿರುವುದರಿಂದ ಅದಕ್ಕೆ ದೀರ್ಘವಾಗಿ ಉತ್ತರಿಸಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನನಗೆ 47 ವರ್ಷ. ಬದಿಯಡ್ಕದ ಸಮೀಪ ನಮ್ಮದು ಅಡಿಕೆ ಕೃಷಿಯ ಮನೆ, ಸಸ್ಯಾಹಾರಿಗಳು. ನನ್ನ ಎತ್ತರ 156 ಸೆಂಟಿಮೀಟರ್. 2019ರ ಜನವರಿಯಲ್ಲಿ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ 118 ಕಿಲೋ ಇದ್ದೆ. ಎರಡು ವರ್ಷದೊಳಗೆ 76ಕ್ಕೆ ಇಳಿದೆ. ವರ್ಷದ ತಪಾಸಣೆಗೆ ಹೋಗಿ ಬಂದ ಎರಡು ತಿಂಗಳಿಗೆ, 2020ರ ಮಾರ್ಚ್‌ನಲ್ಲಿ, ಕೊರೊನಾ ಕಾರಣದಿಂದ ತಲಪಾಡಿಯಲ್ಲಿ ಗಡಿ ಮುಚ್ಚಿತು. ಮುಂದಿನ ತಪಾಸಣೆ ತಪ್ಪಿತು. ಆಮೇಲೆ ಗಡಿ ತೆರೆದರೂ ತೂಕ ಏರತೊಡಗಿದ್ದರಿಂದ ವೈದ್ಯರ ಮುಖ ನೋಡಲು ನಾಚಿಕೆಯಾಗಿ ಹೋಗಲಿಲ್ಲ. ಈಗ 91 ಕಿಲೋ ಇದ್ದೇನೆ. ನಾನು ಹೊಟ್ಟೆ ತುಂಬ ಉಣ್ಣುವುದಿಲ್ಲ. ಅನ್ನ, ಪಲ್ಯ ತಿಂದರೆ ಎದೆಯಲ್ಲಿ ಸಿಕ್ಕಿಕೊಂಡಂತಾಗುವುದರಿಂದ ಮಧ್ಯಾಹ್ನ ಸ್ವಲ್ಪ ಗಂಜಿ ಕುಡಿಯುತ್ತೇನೆ. ದಿನಕ್ಕೆ ಆರು ಸಲ ಚಹಾ, ಜೊತೆಗೆ ರಸ್ಕ್ ಅಥವಾ ಬಿಸ್ಕತ್ತು, ಅಡಿಕೆ ಸುಲಿಯುವಾಗ ಬಾಳೆಕಾಯಿ ಚಿಪ್ಸ್, ಇಷ್ಟೇ. ವಿಟಮಿನ್ ಮಾತ್ರೆ ನಿಲ್ಲಿಸಿ ಮೂರು ವರ್ಷವಾಯಿತು. ಈಚೆಗೆ ಪಾದ ಜುಮ್ಮೆನ್ನುತ್ತದೆ, ಕೂದಲು ಉದುರುತ್ತದೆ, ರಾತ್ರಿ ಹುಳಿತೇಗು ಬರುತ್ತದೆ. ಮೊಣಕಾಲು ನೋವಿಗೆ ಪರಿಚಯದವರು ತಂದುಕೊಟ್ಟ ಪುಡಿ ಸೇವಿಸುತ್ತಿದ್ದೇನೆ. ಉಳಿಸಿದ ಹೊಟ್ಟೆ ಮತ್ತೆ ಹಿಗ್ಗಿತೇ? ಇನ್ನೊಮ್ಮೆ ಶಸ್ತ್ರಚಿಕಿತ್ಸೆ ಬೇಕೇ? ವಾರಕ್ಕೊಂದು ಚುಚ್ಚುಮದ್ದು ಬಂದಿದೆಯಂತೆ, ಅದು ಆಗಬಹುದೇ?
(ಬದಿಯಡ್ಕ)

ಉತ್ತರ: ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಗಳಿಗಿಂತ ಮೊದಲು, ನಡುವೆ ಒಂದು ಮಾತಿನಲ್ಲಿ ಹೇಳಿ ಮುಗಿಸಿದ ಪಾದದ ಜುಮ್ಮಿನ ವಿಚಾರವನ್ನು ಎತ್ತಿಕೊಳ್ಳಬೇಕಾಗಿದೆ, ಏಕೆಂದರೆ ತೂಕಕ್ಕೆ ಕೆಲವು ತಿಂಗಳು ಕಾಯಬಹುದು, ನರಗಳಿಗೆ ಕಾಯಲಾಗದು. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆಯುವುದರಿಂದ ಬಿ12 ವಿಟಮಿನ್ ಹೀರಿಕೊಳ್ಳಲು ಬೇಕಾದ ಆಮ್ಲವೂ ಅದಕ್ಕೆ ನೆರವಾಗುವ ಪ್ರೋಟೀನೂ ಕಡಿಮೆಯಾಗುತ್ತವೆ. ಸಸ್ಯಾಹಾರದಲ್ಲಿ ಆ ವಿಟಮಿನ್ ಹಾಲು, ಮೊಸರುಗಳಿಂದಷ್ಟೇ ದೊರೆಯುತ್ತದೆ. ಅದರ ಮೇಲೆ ನೀವು ಮೂರು ವರ್ಷಗಳಿಂದ ಮಾತ್ರೆಯನ್ನೂ ಬಿಟ್ಟಿದ್ದೀರಿ. ಬಿ12 ಕೊರತೆಯಿಂದ ನರಗಳಿಗೆ ಆಗುವ ಹಾನಿ ಬಹುಕಾಲ ಮುಂದುವರಿದರೆ ಪೂರ್ತಿಯಾಗಿ ಸರಿಹೋಗದೆ ಇರಬಹುದು. ಆದ್ದರಿಂದ ಈ ವಾರವೇ ಹತ್ತಿರದ ಪ್ರಯೋಗಾಲಯದಲ್ಲಿ ರಕ್ತ ಕೊಟ್ಟು ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್, ಥೈರಾಯ್ಡ್ ಮತ್ತು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಪರೀಕ್ಷಿಸಿಕೊಳ್ಳಿ. ವರದಿಯನ್ನು ಊರಿನ ವೈದ್ಯರಿಗೇ ತೋರಿಸಿ ಚಿಕಿತ್ಸೆ ಆರಂಭಿಸಬಹುದು, ಮಂಗಳೂರಿಗೆ ಹೋಗುವ ದಿನಕ್ಕಾಗಿ ಕಾಯಬೇಡಿ. ಕೂದಲು ಉದುರುವುದಕ್ಕೆ ಕಬ್ಬಿಣದ ಅಂಶ ಅಥವಾ ಪ್ರೋಟೀನಿನ ಕೊರತೆ ಕಾರಣವಾಗಿರಬಹುದು, ಥೈರಾಯ್ಡ್ ಕೂಡ ಇರಬಹುದು. ಥೈರಾಯ್ಡ್ ಸ್ರಾವ ಕಡಿಮೆಯಾಗಿದ್ದರೆ ತೂಕಕ್ಕೂ ಅದರ ಪಾಲು ಇರುತ್ತದೆ.

‘ತೂಕವೇ ನಿಲ್ಲದ ಮೇಲೆ ಮಾತ್ರೆ ಏಕೆ’ ಎಂದುಕೊಂಡು ವಿಟಮಿನ್ ಬಿಟ್ಟವರು ನಿಮ್ಮೊಬ್ಬರೇ ಅಲ್ಲ. ಆದರೆ ಆ ಮಾತ್ರೆಗಳಿಗೂ ತೂಕ ಇಳಿಸುವುದಕ್ಕೂ ಸಂಬಂಧವಿಲ್ಲ. ಜಠರ ಚಿಕ್ಕದಾಗಿರುವಷ್ಟು ಕಾಲ, ಅಂದರೆ ಆಯುಷ್ಯವಿಡೀ, ಅವು ಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಹೀರಲ್ಪಡುವುದಿಲ್ಲವಾದ್ದರಿಂದ ನಡುವೆ ಎರಡು ಗಂಟೆ ಅಂತರವಿರಲಿ, ಮತ್ತು ಕಬ್ಬಿಣದ ಮಾತ್ರೆಯ ಹಿಂದೆಯೇ ಚಹಾ ಕುಡಿಯಬೇಡಿ.

ಇನ್ನು ಆ ಪುಡಿ. ಅದನ್ನು ನಿಲ್ಲಿಸಬೇಕು, ಆದರೆ ವೈದ್ಯರಿಗೆ ತೋರಿಸಿದ ನಂತರ ನಿಲ್ಲಿಸಬೇಕು. ಹೆಸರು, ಪಟ್ಟಿ ಒಂದೂ ಇಲ್ಲದ ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಅನೇಕ ಸಲ ಪರೀಕ್ಷೆಯಲ್ಲಿ ಕಂಡುಬಂದಿದೆ. ಸ್ಟೀರಾಯ್ಡ್ ಹಸಿವನ್ನೂ ತೂಕವನ್ನೂ ಸಕ್ಕರೆಯನ್ನೂ ಏರಿಸುತ್ತದೆ, ಬಹುಕಾಲ ಸೇವಿಸಿ ಒಮ್ಮೆಲೇ ಬಿಟ್ಟರೆ ಅಪಾಯವನ್ನೂ ತರುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ನೋವಿನ ಮಾತ್ರೆಗಳೂ ಈ ಶಸ್ತ್ರಚಿಕಿತ್ಸೆ ಆದವರ ಜಠರದಲ್ಲಿ ಹುಣ್ಣು ಮಾಡಬಲ್ಲವು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ಎಂದು ವೈದ್ಯರನ್ನು ಕೇಳಿ ನೋಡಿ.

ಈಗ ತೂಕಕ್ಕೆ ಬರೋಣ. ನೀವು ಇಳಿಸಿದ್ದು 42 ಕಿಲೋ, ಮರಳಿ ಬಂದದ್ದು 15 ಕಿಲೋ. ಕಳೆದುಕೊಂಡ ತೂಕದ ಕಾಲು ಭಾಗಕ್ಕಿಂತ ಹೆಚ್ಚು ಮರಳಿದರೆ ಕಾರಣ ಹುಡುಕಬೇಕು ಎಂಬುದು ಅನೇಕ ವೈದ್ಯರು ಅನುಸರಿಸುವ ಒಂದು ಅಳತೆ. ನಿಮ್ಮಲ್ಲಿ ಮರಳಿದ್ದು ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಆದ್ದರಿಂದ ಹುಡುಕಲೇಬೇಕು. ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿದರೆ ನೀವು ಇಂದಿಗೂ ಮೊದಲಿನ ತೂಕಕ್ಕಿಂತ 27 ಕಿಲೋ, ಅಂದರೆ ಶೇಕಡಾ 23ರಷ್ಟು ಕಡಿಮೆ ಇದ್ದೀರಿ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾಗಿ ಸಾವಿರಾರು ಜನರನ್ನು ದಶಕಗಳ ಕಾಲ ಹಿಂಬಾಲಿಸಿದ ಒಂದು ಪ್ರಸಿದ್ಧ ಅಧ್ಯಯನವಿದೆ. ಅದರಲ್ಲಿ ಬೈಪಾಸ್ (ಜಠರದ ಮೇಲ್ಭಾಗವನ್ನು ಚಿಕ್ಕ ಚೀಲವಾಗಿಸಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡವರು ಮೊದಲೆರಡು ವರ್ಷಗಳಲ್ಲಿ ಸರಾಸರಿ ಶೇಕಡಾ 32ರಷ್ಟು ತೂಕ ಇಳಿಸಿಕೊಂಡಿದ್ದರು, ಹತ್ತನೆಯ ವರ್ಷಕ್ಕೆ ಆ ಇಳಿಕೆ ಶೇಕಡಾ 25ಕ್ಕೆ ಬಂದು ನಿಂತಿತ್ತು. ಆ ಕಾಲದ ಇತರ ಶಸ್ತ್ರಚಿಕಿತ್ಸೆಗಳಲ್ಲಿ ಉಳಿದದ್ದು ಇನ್ನೂ ಕಡಿಮೆ. ಸ್ಲೀವ್ ಆಗ ಬಳಕೆಗೆ ಬಂದಿರಲಿಲ್ಲ, ಹಾಗಾಗಿ ಅಂಕಿಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಆದರೂ ಸ್ವಲ್ಪ ಮರಳುವುದು ನಿಮ್ಮೊಬ್ಬರ ಸೋಲಲ್ಲ, ನಿರೀಕ್ಷಿತವಾದದ್ದು ಎಂಬುದು ಇದರಿಂದ ತಿಳಿಯುತ್ತದೆ. ಹೀಗೆ ಮರಳಿದ ಮೇಲೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸಾವಿನ ಪ್ರಮಾಣ ಮಾಡಿಸಿಕೊಳ್ಳದವರಿಗಿಂತ ಕಡಿಮೆಯಿತ್ತೆಂದು ಅದೇ ಅಧ್ಯಯನ 2007ರಲ್ಲಿ ವರದಿ ಮಾಡಿತು.

ಏಕೆ ಮರಳುತ್ತದೆ? ದೇಹವು ತಾನು ಕಳೆದುಕೊಂಡ ಕೊಬ್ಬನ್ನು ನಷ್ಟವೆಂದು ಎಣಿಸಿ ಅದನ್ನು ತುಂಬಿಕೊಳ್ಳಲು ಯತ್ನಿಸುತ್ತದೆ. ತೂಕ ಇಳಿದವರ ದೇಹ ಸುಮ್ಮನೆ ಕುಳಿತಾಗ ಖರ್ಚು ಮಾಡುವ ಶಕ್ತಿ, ಆ ತೂಕಕ್ಕೆ ತಕ್ಕಷ್ಟು ಎಂದು ಲೆಕ್ಕ ಹಾಕಿದ್ದಕ್ಕಿಂತಲೂ ಕೆಳಗಿಳಿಯುತ್ತದೆ. ಹಸಿವನ್ನು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವ ಜಠರದ ಮೇಲ್ಭಾಗದಲ್ಲಿ, ಆದುದರಿಂದ ಮೊದಲ ವರ್ಷ ಹಸಿವೇ ಇಲ್ಲದಂತೆ ಇರುತ್ತದೆ. ‘ಊಟದ ನೆನಪೇ ಬರುವುದಿಲ್ಲ ಡಾಕ್ಟ್ರೇ’ ಎಂದು ಆಗ ಹೇಳಿದವರೇ ಮೂರನೆಯ ವರ್ಷ ಹಸಿವು ಮರಳಿತೆಂದು ಬರುತ್ತಾರೆ. ವೇಗವಾಗಿ ಇಳಿಯುವಾಗ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗಿರುತ್ತದೆ. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಕಾಲದ ಬದಲಾವಣೆಗಳೂ ಸೇರುತ್ತವೆ. ಇಷ್ಟೆಲ್ಲ ಇರುವಾಗ ‘ಬಾಯಿ ಕಟ್ಟಲಾಗದವರು’ ಎಂದು ರೋಗಿಯನ್ನು ದೂರುವ ಅಭ್ಯಾಸ ನಮ್ಮ ವೈದ್ಯರಲ್ಲಿಯೂ ಇದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ನೀವು ತಪಾಸಣೆಗೆ ಹೋಗದೆ ಉಳಿದದ್ದಕ್ಕೆ ಗಡಿ ಎಷ್ಟು ಕಾರಣವೋ ಬೈಗುಳದ ಭಯವೂ ಅಷ್ಟೇ ಕಾರಣ ಎಂದು ನಿಮ್ಮ ಪತ್ರ ಓದಿದಾಗ ಅನ್ನಿಸಿತು.

ಆದರೂ ನಿಮ್ಮ ಪತ್ರದಲ್ಲಿರುವ ‘ಇಷ್ಟೇ’ ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ಚಿಕ್ಕದಾದ ಜಠರ ತಡೆಯುವುದು ಗಟ್ಟಿ ಆಹಾರವನ್ನು. ಕಾಳು, ಪಲ್ಯ, ಪನೀರಿನಂಥವು ಅಲ್ಲಿ ನಿಂತು, ನಿಧಾನವಾಗಿ ಮುಂದೆ ಸಾಗಿ, ಹೊಟ್ಟೆ ತುಂಬಿತೆಂಬ ತೃಪ್ತಿ ಕೊಡುತ್ತವೆ. ಚಹಾ, ಚಹಾದಲ್ಲಿ ಅದ್ದಿದ ರಸ್ಕ್, ಬಾಯಲ್ಲೇ ಪುಡಿಯಾಗಿ ಕರಗುವ ಚಿಪ್ಸ್, ಪಾಯಸ, ಐಸ್‌ಕ್ರೀಮು ಮುಂತಾದವು ನಿಲ್ಲದೆ ಜಾರಿಹೋಗುತ್ತವೆ. ಅವುಗಳಿಗೆ ಜಠರದ ಗಾತ್ರ ಎಷ್ಟಿದ್ದರೂ ಒಂದೇ. ಗಟ್ಟಿ ಪದಾರ್ಥ ಎದೆಯಲ್ಲಿ ಸಿಕ್ಕಿಕೊಂಡು ಕಷ್ಟಕೊಡುವಾಗ ಮನುಷ್ಯ ತನಗರಿವಿಲ್ಲದೆಯೇ ಜಾರುವ ಆಹಾರದ ಕಡೆಗೆ ವಾಲುತ್ತಾನೆ. ನೀವು ಮಾಡಿದ್ದೂ ಅದನ್ನೇ, ಅದರಲ್ಲಿ ಕಳ್ಳತನವೇನೂ ಇಲ್ಲ. ಲೆಕ್ಕ ಮಾತ್ರ ಹೀಗಿದೆ: ಎರಡು ಚಮಚ ಸಕ್ಕರೆ ಹಾಕಿದ ಆರು ಚಹಾ ಎಂದರೆ ಸಕ್ಕರೆಯೊಂದರಿಂದಲೇ ಸುಮಾರು 240 ಕ್ಯಾಲೊರಿ, ಹಾಲು ಬೇರೆ. ಅಡಿಕೆ ರಾಶಿಯ ಮುಂದೆ ಮಧ್ಯಾಹ್ನದಿಂದ ಸಂಜೆಯವರೆಗೆ ಒಂದೊಂದಾಗಿ ಬಾಯಿಗೆ ಹೋಗುವ 50 ಗ್ರಾಂ ಬಾಳೆಕಾಯಿ ಚಿಪ್ಸ್‌ನಲ್ಲಿ ಸುಮಾರು 260 ಕ್ಯಾಲೊರಿ. ಎರಡೂ ಸೇರಿದರೆ ಒಂದು ಪೂರ್ತಿ ಊಟಕ್ಕೆ ಸಮ, ಆದರೆ ಊಟ ಮಾಡಿದ ನೆನಪೇ ಇರುವುದಿಲ್ಲ. ಚಾಲಿ ಸುಲಿಯುವ ಕಾಲದಲ್ಲಿ ನಮ್ಮ ಕಡೆಯ ಹೆಂಗಸರ ತೂಕ ಏರುವುದನ್ನು ನಾನು ಅನೇಕ ಮನೆಗಳಲ್ಲಿ ಗಮನಿಸಿದ್ದೇನೆ: ಕೈಗೆ ಬಿಡುವಿಲ್ಲ, ಕಾಲಿಗೆ ಕೆಲಸವಿಲ್ಲ, ಪಕ್ಕದಲ್ಲಿ ಡಬ್ಬಿ.

ಹಾಗಾಗಿ ಮೊದಲ ಬದಲಾವಣೆ ಚಹಾದಿಂದಲೇ ಆಗಲಿ. ಆರನ್ನು ಮೂರು ಮಾಡಿ, ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ತಗ್ಗಿಸುತ್ತ ಬನ್ನಿ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಒಪ್ಪದವರಿದ್ದಾರೆ. ಸುಲಿಯುವ ಜಾಗಕ್ಕೆ ಡಬ್ಬಿಯನ್ನು ಒಯ್ಯದೆ ನೀರಿನ ಚೊಂಬನ್ನು ಮಾತ್ರ ಒಯ್ಯಿರಿ.

ಎರಡನೆಯದು ಪ್ರೋಟೀನ್. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು, ನೀವು ಬರೆದ ಆಹಾರದಲ್ಲಿ ಅದರ ಅರ್ಧವೂ ಸಿಗಲಾರದು. ಆಸ್ಪತ್ರೆಗಳಲ್ಲಿ ಕೊಡುವ ಪಥ್ಯದ ಪಟ್ಟಿಗಳಲ್ಲಿ ಓಟ್ಸ್, ಕಂದು ಬ್ರೆಡ್ಡುಗಳೇ ಹೆಚ್ಚಾಗಿರುವುದರಿಂದ ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಲೋಟ ಹಾಲಿನಲ್ಲಿ ಆರೇಳು ಗ್ರಾಂ, ದೊಡ್ಡ ಬಟ್ಟಲು ಗಟ್ಟಿ ಮೊಸರಿನಲ್ಲಿ ಅಷ್ಟೇ, ಬೇಯಿಸಿದ ಕಾಳು ಅಥವಾ ದಪ್ಪ ತೊವ್ವೆಯ ಒಂದು ಬಟ್ಟಲಿನಲ್ಲಿ ಏಳರ ಆಸುಪಾಸು, 50 ಗ್ರಾಂ ಪನೀರಿನಲ್ಲಿ ಒಂಬತ್ತು, ಒಣಗಿದ 30 ಗ್ರಾಂ ಸೋಯಾ ಚಂಕ್ಸ್‌ನಲ್ಲಿ ಹದಿನೈದು. ಇಷ್ಟರಿಂದಲೂ ತುಂಬದಿದ್ದರೆ, ಮೂತ್ರಪಿಂಡದ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಂಡು, ಹಾಲಿನ ಪ್ರೋಟೀನ್ ಪುಡಿಯನ್ನು ಬಳಸಬಹುದು. ಹುರುಳಿಯ ಸಾರು ಬಹಳ ಪುಷ್ಟಿ ಎಂಬ ನಂಬಿಕೆ ನಮ್ಮಲ್ಲಿದೆ, ಆದರೆ ತಿಳಿಯನ್ನು ಕುಡಿದು ಕಾಳನ್ನು ದನಕ್ಕೆ ಹಾಕಿದರೆ ಪುಷ್ಟಿ ದನಕ್ಕೇ ಸೇರುತ್ತದೆ. ಬಟ್ಟಲಿನಲ್ಲಿ ಮೊದಲು ಕಾಳು, ಅನಂತರ ಪಲ್ಯ, ಕೊನೆಯಲ್ಲಿ ಜಾಗವಿದ್ದರೆ ಅನ್ನ, ಈ ಕ್ರಮ ಇರಲಿ. ಗಂಜಿಯನ್ನು ತೆಳ್ಳಗೆ ಕುಡಿಯುವ ಬದಲು ಕುಚ್ಚಲಕ್ಕಿಯ ಅನ್ನವನ್ನು ತಿಳಿ ಬಸಿದು ನಾಲ್ಕೈದು ಚಮಚ ಉಣ್ಣಿರಿ. ನೀರನ್ನು ಊಟದ ಜೊತೆ ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ತೆಂಗಿನಕಾಯಿ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಆದರೆ ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆಯೆಂಬುದು ಒಗ್ಗರಣೆ ಹಾಕುವಾಗ ನೆನಪಿರಲಿ.

ಜಂಬರದ ಊಟದ ಬಗ್ಗೆ ನೀವು ಕೇಳಿಲ್ಲ, ಆದರೆ ಮದುವೆ, ಉಪನಯನಗಳ ಋತುವಿನಲ್ಲಿ ಇದನ್ನು ಬಿಟ್ಟು ಮಾತಾಡಿದರೆ ಉತ್ತರ ಅಪೂರ್ಣ. ಮಧೂರಿಗೆ ಹೋದಾಗ ಪ್ರಸಾದವೆಂದು ಒಂದು ಅಪ್ಪ ತಿನ್ನುವುದರಿಂದ ಯಾರ ತೂಕವೂ ಏರುವುದಿಲ್ಲ. ಏರುವುದು ಮನೆಗೆ ಕಟ್ಟಿಸಿಕೊಂಡು ಬಂದು ನಾಲ್ಕು ದಿನ ಚಹಾದೊಂದಿಗೆ ತಿನ್ನುವುದರಿಂದ. ಎಲೆಯ ಮುಂದೆ ಕುಳಿತಾಗ ಪಾಯಸವನ್ನು ಒಂದು ಸೌಟಿಗೆ ನಿಲ್ಲಿಸಿ, ಬಡಿಸುವವರು ಒತ್ತಾಯಿಸಿದರೆ ‘ಹೊಟ್ಟೆಯ ಆಪರೇಶನ್ ಆಗಿದೆ’ ಎಂದು ನೇರವಾಗಿ ಹೇಳಿರಿ.

ಇನ್ನು ಸಿಕ್ಕಿಕೊಳ್ಳುವುದು ಮತ್ತು ಹುಳಿತೇಗು. ದೊಡ್ಡ ತುತ್ತು, ಅವಸರದ ಊಟ ಇವುಗಳಿಂದಲೂ ಹಾಗಾಗಬಹುದು, ಆದರೆ ಆರು ವರ್ಷಗಳ ಮೇಲೂ ಅನ್ನ, ಪಲ್ಯ ಇಳಿಯುವುದಿಲ್ಲವೆಂದರೆ ಉಳಿಸಿದ ಜಠರದ ಕೊಳವೆ ಎಲ್ಲಿಯೋ ಕಿರಿದಾಗಿರಬಹುದು, ತಿರುಚಿರಬಹುದು ಅಥವಾ ಅದರ ತುದಿ ವಪೆಯ ಮೂಲಕ ಎದೆಯೊಳಗೆ ಸರಿದಿರಬಹುದು. ಸ್ಲೀವ್ ಆದವರಲ್ಲಿ ಆಮ್ಲ ಮೇಲಕ್ಕೆ ಬರುವ ತೊಂದರೆ ಸಾಮಾನ್ಯ. ಆದ್ದರಿಂದ ನಿಮಗೆ ಎಂಡೋಸ್ಕೊಪಿ ಬೇಕು, ಅಗತ್ಯ ಕಂಡರೆ ಬೇರಿಯಂ ನುಂಗಿಸಿ ತೆಗೆಯುವ ಎಕ್ಸ್‌ರೇ. ‘ಹೊಟ್ಟೆ ಹಿಗ್ಗಿತೇ’ ಎಂಬ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಸಿಗುತ್ತದೆ. ವರ್ಷಗಳು ಕಳೆದಂತೆ ಸ್ಲೀವ್ ಸ್ವಲ್ಪ ಹಿಗ್ಗುವುದುಂಟು. ಆದರೆ ನಿಮ್ಮ ವಿವರಣೆ ಅದಕ್ಕೆ ಹೊಂದುವುದಿಲ್ಲ, ಹಿಗ್ಗಿದ ಹೊಟ್ಟೆಯವರು ಅನ್ನ ಸಿಕ್ಕಿಕೊಳ್ಳುತ್ತದೆಂದು ದೂರುವುದು ಅಪರೂಪ.

ಎರಡನೆಯ ಶಸ್ತ್ರಚಿಕಿತ್ಸೆಯ ನಿರ್ಧಾರವನ್ನು ಆ ಪರೀಕ್ಷೆಯ ಬಳಿಕ ಮಾಡೋಣ. ಆಮ್ಲದ ತೊಂದರೆ ತೀವ್ರವಾಗಿದ್ದರೆ ಸ್ಲೀವ್ ಅನ್ನು ಬೈಪಾಸ್ ಆಗಿ ಮಾರ್ಪಡಿಸುವುದು ಒಳ್ಳೆಯ ಮಾರ್ಗವೇ. ತೂಕಕ್ಕಾಗಿ ಮಾತ್ರ ಎಂದಾದರೆ ಮರುಶಸ್ತ್ರಚಿಕಿತ್ಸೆಯಲ್ಲಿ ತೊಡಕುಗಳು ಮೊದಲಿಗಿಂತ ಹೆಚ್ಚು, ಇಳಿಯುವ ತೂಕ ಮೊದಲಿಗಿಂತ ಕಡಿಮೆ ಎಂಬುದನ್ನು ಅರಿತೇ ಒಪ್ಪಿಕೊಳ್ಳಬೇಕು. ಆಹಾರದ ರೂಢಿ ಈಗಿನಂತೆಯೇ ಉಳಿದರೆ ಪಾಯಸವು ಬೈಪಾಸಿನಲ್ಲಿಯೂ ಜಾರುತ್ತದೆ.

ಚುಚ್ಚುಮದ್ದುಗಳ ವಿಚಾರ. ಸೆಮಾಗ್ಲುಟೈಡ್ ಮತ್ತು ಟಿರ್ಜೆಪಟೈಡ್ ಎಂಬ ವಾರಕ್ಕೊಮ್ಮೆ ತೆಗೆದುಕೊಳ್ಳುವ ಎರಡು ಮದ್ದುಗಳು ತೂಕಕ್ಕಾಗಿ 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಕರುಳಿನಲ್ಲಿ ಊಟದ ಬಳಿಕ ಉತ್ಪತ್ತಿಯಾಗುವ ಹಾರ್ಮೋನುಗಳನ್ನು ಅನುಕರಿಸಿ ಅವು ಹಸಿವನ್ನು ತಗ್ಗಿಸುತ್ತವೆ. ಶಸ್ತ್ರಚಿಕಿತ್ಸೆಯ ಬಳಿಕ ತೂಕ ಮರಳಿದವರಲ್ಲಿಯೂ ಅವು ಕೆಲಸ ಮಾಡುತ್ತವೆ, ಮತ್ತು ನನ್ನ ಅಭಿಪ್ರಾಯದಲ್ಲಿ ಅನೇಕರಿಗೆ ಎರಡನೆಯ ಶಸ್ತ್ರಚಿಕಿತ್ಸೆಗಿಂತ ಮೊದಲು ಯೋಚಿಸಬೇಕಾದದ್ದು ಇವನ್ನೇ. ಆದರೆ ಅವು ವಾಕರಿಕೆ ತರುತ್ತವೆ, ಊಟವನ್ನು ಇನ್ನಷ್ಟು ಕಡಿಮೆ ಮಾಡುತ್ತವೆ. ನುಂಗುವುದೇ ಕಷ್ಟವಾಗಿರುವ, ಬಿ12 ಮತ್ತು ಪ್ರೋಟೀನ್ ಕೊರತೆಯ ಸಂಶಯವಿರುವ ನಿಮಗೆ ಇಂದೇ ಆರಂಭಿಸಿದರೆ ಗಾಯದ ಮೇಲೆ ಬರೆ ಎಳೆದಂತಾಗುತ್ತದೆ. ಮೇದೋಜೀರಕ ಗ್ರಂಥಿಯ ಉರಿಯೂತ ಆದವರಿಗೆ, ಮನೆತನದಲ್ಲಿ ಥೈರಾಯ್ಡಿನ ಮೆಡ್ಯುಲರಿ ಕ್ಯಾನ್ಸರ್ ಇದ್ದವರಿಗೆ ಇವು ಸೂಕ್ತವಲ್ಲ. ಖರ್ಚು ತಿಂಗಳು ತಿಂಗಳೂ ಬರುತ್ತದೆ, ನಿಲ್ಲಿಸಿದರೆ ತೂಕ ಹೆಚ್ಚಾಗಿ ಮರಳುತ್ತದೆ. ಗೆಳತಿ ತರಿಸಿಕೊಟ್ಟಳೆಂದು ಚೀಟಿಯಿಲ್ಲದೆ ಚುಚ್ಚಿಕೊಳ್ಳುವ ಕೆಲಸ ಮಾತ್ರ ಬೇಡ.

ನಡಿಗೆಗಿಂತಲೂ ನಿಮಗೆ ಸ್ನಾಯು ಬೆಳೆಸುವ ವ್ಯಾಯಾಮ ಹೆಚ್ಚು ಮುಖ್ಯ. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು, ಗೋಡೆಗೆ ಅಂಗೈಯೂರಿ ದೇಹವನ್ನು ತಳ್ಳುವುದು, ತುಂಬಿದ ನೀರಿನ ಬಾಟಲಿಗಳನ್ನು ಎತ್ತಿಳಿಸುವುದು, ಇವನ್ನು ವಾರಕ್ಕೆ ಮೂರು ದಿನ ಮಾಡಿದರೆ ಮೊಣಕಾಲಿಗೂ ಒಳ್ಳೆಯದು. ನಡಿಗೆಯನ್ನು ವಾರಕ್ಕೆ 150 ನಿಮಿಷದ ಕಡೆಗೆ ನಿಧಾನವಾಗಿ ಒಯ್ಯಿರಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮುರಕಲ್ಲಿನ ಮೇಲೆ ನಡೆಯುವ ಸಾಹಸ ಬೇಡ, ಜಗಲಿಯೇ ಸಾಕು.

ಮಂಗಳೂರಿನ ವೈದ್ಯರ ಬಳಿಗೆ ಹೋಗುವ ಮೊದಲು ಎರಡು ವಾರ ಬಾಯಿಗೆ ಹಾಕಿದ್ದನ್ನೆಲ್ಲ, ಚಹಾವನ್ನೂ ಸೇರಿಸಿ, ಒಂದು ಪುಸ್ತಕದಲ್ಲಿ ಬರೆದಿಡಿ. ಅದನ್ನೂ ಹಳೆಯ ಬಿಡುಗಡೆ ಪತ್ರವನ್ನೂ ರಕ್ತದ ವರದಿಯನ್ನೂ ಆ ಪುಡಿಯ ಪೊಟ್ಟಣವನ್ನೂ ಒಯ್ಯಿರಿ. ಅವರು ಗದರಿದರೆ ಗದರಲಿ. ಗದರುವುದರಲ್ಲೇ ನಿಂತರೆ ಬೇರೆ ವೈದ್ಯರನ್ನು ನೋಡುವ ಹಕ್ಕು ನಿಮಗಿದೆ.

ಪ್ರಶ್ನೆ: ಉಪ್ಪಳದವನು, ದುಬೈಯಲ್ಲಿ ವಾಹನ ಚಾಲಕ, 39 ವರ್ಷ. 2021ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಆಗಿ 132 ಕಿಲೋದಿಂದ 88ಕ್ಕೆ ಇಳಿದಿದ್ದೆ, ಈಗ 97. ಊಟವಾಗಿ ಎರಡು ಗಂಟೆಗೆ ಕೈ ನಡುಗಿ, ಬೆವರಿ, ಕಣ್ಣು ಮಂಜಾಗುತ್ತದೆ. ಖರ್ಜೂರ ಮತ್ತು ಸಿಹಿ ಚಹಾ ತೆಗೆದುಕೊಂಡರೆ ಸರಿಯಾಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಇದು ನಿಶ್ಶಕ್ತಿಯೇ?
(ಉಪ್ಪಳ)

ಉತ್ತರ: ಇದು ಬರಿಯ ನಿಶ್ಶಕ್ತಿಯಂತೆ ಕಾಣುವುದಿಲ್ಲ, ರಕ್ತದ ಸಕ್ಕರೆ ಕುಸಿಯುತ್ತಿರುವ ಲಕ್ಷಣ. ಬೈಪಾಸ್ ಆದವರಲ್ಲಿ ಸಿಹಿಯೂ ಅನ್ನವೂ ನೇರವಾಗಿ ಸಣ್ಣ ಕರುಳಿಗೆ ಇಳಿದು ಸಕ್ಕರೆ ಥಟ್ಟನೆ ಏರುತ್ತದೆ, ಅದಕ್ಕೆ ಪ್ರತಿಯಾಗಿ ಇನ್ಸುಲಿನ್ ಅಳತೆ ಮೀರಿ ಸುರಿದು ಒಂದರಿಂದ ಮೂರು ಗಂಟೆಗಳಲ್ಲಿ ಸಕ್ಕರೆ ತೀರಾ ಕೆಳಗಿಳಿಯುತ್ತದೆ. ಆಗ ನೀವು ತಿನ್ನುವ ಖರ್ಜೂರ, ಚಹಾ ಮತ್ತೊಮ್ಮೆ ಏರಿಸಿ ಮತ್ತೊಮ್ಮೆ ಬೀಳಿಸುತ್ತವೆ. ದಿನಕ್ಕೆ ಮೂರು ಸಲ ಹೀಗಾದರೆ ಒಂಬತ್ತು ಕಿಲೋ ಏರುವುದರಲ್ಲಿ ಆಶ್ಚರ್ಯವಿಲ್ಲ. ತೂಕದ ಕಾರಣವೂ ನಡುಕದ ಕಾರಣವೂ ಇಲ್ಲಿ ಒಂದೇ.

ಗ್ಲುಕೋಮೀಟರ್ ಇಟ್ಟುಕೊಂಡು ನಡುಕ ಬಂದ ಕ್ಷಣದಲ್ಲಿಯೇ ಅಳೆಯಿರಿ. 70ಕ್ಕಿಂತ ಕಡಿಮೆಯಿದ್ದರೆ ಮೂರು ಚಮಚ ಗ್ಲುಕೋಸ್ ಸಾಕು, ಅದರ ಬೆನ್ನಿಗೆ ಮೊಟ್ಟೆ ಅಥವಾ ಕಡಲೆಯಂಥ ಪ್ರೋಟೀನ್ ತಿನ್ನಿರಿ. 54ಕ್ಕಿಂತ ಕೆಳಗಿಳಿದರೆ, ಅಥವಾ ಮಂಪರು ಬಂದರೆ, ಅಂದೇ ವೈದ್ಯರನ್ನು ಕಾಣಬೇಕು. ಬಿರಿಯಾನಿಯಲ್ಲಿ ಮೊದಲು ಮಾಂಸ, ಮೀನಿದ್ದರೆ ಮೊದಲು ಮೀನು, ಅನ್ನ ಕೊನೆಗೆ. ಸಿಹಿ ಪಾನೀಯ ಬೇಡವೇ ಬೇಡ. ಇಷ್ಟರಿಂದ ನಿಲ್ಲದಿದ್ದರೆ ಅಕಾರ್ಬೋಸ್ ಮುಂತಾದ ಔಷಧಗಳಿವೆ. ಹೊಟ್ಟೆಯ ಜೋಡಣೆ ಸಡಿಲಾಗಿದೆಯೇ ಎಂದು ನೋಡಲು ಎಂಡೋಸ್ಕೊಪಿಯೂ ಬೇಕಾಗಬಹುದು. ಮದ್ಯಪಾನದ ಅಭ್ಯಾಸವಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬೇಡಿ: ಬೈಪಾಸ್ ಆದವರಲ್ಲಿ ಮದ್ಯ ಬೇಗ ತಲೆಗೇರುತ್ತದೆ, ಸಕ್ಕರೆಯನ್ನೂ ಇಳಿಸುತ್ತದೆ. ನೀವು ಚಾಲಕರಾದ್ದರಿಂದ ಇನ್ನೊಂದು ಮಾತು: ವಾಹನ ಹತ್ತುವ ಮೊದಲು ಸಕ್ಕರೆ ಅಳೆಯಿರಿ, ನಡುಕ ಬಂದರೆ ಅಲ್ಲಿಯೇ ಬದಿಗೆ ನಿಲ್ಲಿಸಿರಿ.

ಪ್ರಶ್ನೆ: ನನ್ನ ಅಮ್ಮನಿಗೆ 54 ವರ್ಷ, ಶಸ್ತ್ರಚಿಕಿತ್ಸೆಯಾಗಿ ಐದು ವರ್ಷ. ತೂಕ ಮತ್ತೆ ಏರಿದ ಮೇಲೆ ಮನೆಗೆ ಬಂದವರೆಲ್ಲ ‘ಅಷ್ಟು ಹಣ ಹಾಕಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು’ ಎನ್ನುತ್ತಾರೆ. ಅಮ್ಮ ಎಲ್ಲರ ಮುಂದೆ ಏನೂ ತಿನ್ನುವುದಿಲ್ಲ, ರಾತ್ರಿ ಅಡುಗೆಮನೆಯಲ್ಲಿ ಕತ್ತಲಲ್ಲಿ ತಿನ್ನುತ್ತಾರೆ. ಡಬ್ಬಿಗಳಿಗೆ ಬೀಗ ಹಾಕಬೇಕೇ?
(ಮುಳ್ಳೇರಿಯ)

ಉತ್ತರ: ಬೀಗ ಬೇಡ. ಹಗಲಿಡೀ ಉಪವಾಸವಿದ್ದವರಿಗೆ ರಾತ್ರಿ ಹಸಿವು ತಡೆಯದು, ಅದಕ್ಕೆ ನಾಚಿಕೆ ಸೇರಿದಾಗ ಕೈ ಹತೋಟಿ ತಪ್ಪುತ್ತದೆ. ಎಲ್ಲರೊಂದಿಗೆ ಕುಳಿತು ಮೂರು ಹೊತ್ತು ಉಣ್ಣುವಂತೆ ನೋಡಿಕೊಳ್ಳಿ, ಅವರ ತಟ್ಟೆಯ ಬಗ್ಗೆ ಯಾರೂ ಮಾತಾಡದಿರಲಿ. ಹುಣಸೆಹಣ್ಣಿನ ಮಾತು ಹೇಳಿದ ನೆಂಟರಿಗೆ ಉತ್ತರ ಕೊಡಬೇಕಾದವರು ನೀವು, ಅಮ್ಮ ಅಲ್ಲ. ಹೀಗೆ ಹತೋಟಿ ತಪ್ಪಿ ತಿನ್ನುವುದಕ್ಕೆ ಮನಶ್ಶಾಸ್ತ್ರಜ್ಞರ ಬಳಿ ಮಾತಿನ ಚಿಕಿತ್ಸೆಯಿದೆ, ಖಿನ್ನತೆ ಇದ್ದರೆ ಔಷಧವೂ ಇದೆ. ಆದರೆ ಖಿನ್ನತೆಯ ಕೆಲವು ಔಷಧಗಳು ತೂಕ ಏರಿಸುವುದರಿಂದ ಶಸ್ತ್ರಚಿಕಿತ್ಸೆಯಾದ ಸಂಗತಿಯನ್ನು ವೈದ್ಯರಿಗೆ ತಿಳಿಸಿ. ಈ ಶಸ್ತ್ರಚಿಕಿತ್ಸೆ ಆದವರಲ್ಲಿ ಕೆಲವರಿಗೆ ಬದುಕೇ ಬೇಡವೆಂಬ ಯೋಚನೆ ಬರುವುದುಂಟು. ಅಮ್ಮ ಅಂಥ ಮಾತಾಡಿದರೆ ಹಗುರವಾಗಿ ತೆಗೆದುಕೊಳ್ಳದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ. 14416 ಸಂಖ್ಯೆಗೆ ಕರೆ ಮಾಡಿದರೆ ಕೇಂದ್ರ ಸರಕಾರದ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಮಾತಾಡಬಹುದು.

ಪ್ರಶ್ನೆ: ನನಗೆ 29 ವರ್ಷ. ಬೈಪಾಸ್ ಆಗಿ ಎರಡು ವರ್ಷ ಕಳೆದಿದೆ, ಏಳು ಕಿಲೋ ಮರಳಿದೆ. ಮಗು ಬೇಕೆಂದಿದ್ದೇವೆ. ಮೊದಲು ಈ ಏಳು ಕಿಲೋ ಇಳಿಸಬೇಕೇ? ಚುಚ್ಚುಮದ್ದು ತೆಗೆದುಕೊಂಡು ಬೇಗ ಇಳಿಸಿದರೆ?
(ಕುಂಬಳೆ)

ಉತ್ತರ: ಶಸ್ತ್ರಚಿಕಿತ್ಸೆಯ ಬಳಿಕ ಒಂದರಿಂದ ಒಂದೂವರೆ ವರ್ಷ ಗರ್ಭಧಾರಣೆ ಬೇಡವೆಂದು ಹೇಳುತ್ತೇವೆ, ನೀವು ಆ ಅವಧಿ ದಾಟಿದ್ದೀರಿ. ಏಳು ಕಿಲೋಗಾಗಿ ಮಗುವನ್ನು ಮುಂದೂಡುವ ಅಗತ್ಯ ನನಗೆ ಕಾಣುವುದಿಲ್ಲ. ಚುಚ್ಚುಮದ್ದು ಈಗ ಬೇಡ. ಸೆಮಾಗ್ಲುಟೈಡ್ ತೆಗೆದುಕೊಂಡವರು ಗರ್ಭಧಾರಣೆಗೆ ಕನಿಷ್ಠ ಎರಡು ತಿಂಗಳ ಮೊದಲೇ ಅದನ್ನು ನಿಲ್ಲಿಸಬೇಕಾಗುತ್ತದೆ. ಬದಲಿಗೆ ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ ಪರೀಕ್ಷಿಸಿಕೊಂಡು ಕೊರತೆ ತುಂಬಿಕೊಳ್ಳಿ, ಫೋಲಿಕ್ ಆಮ್ಲವನ್ನು ಈಗಿನಿಂದಲೇ ಆರಂಭಿಸಿ, ನೀವು ಸೇವಿಸುವ ವಿಟಮಿನ್ ಮಾತ್ರೆಯಲ್ಲಿ ಎ ವಿಟಮಿನ್ ರೆಟಿನಾಲ್ ರೂಪದಲ್ಲಿ ಹೆಚ್ಚಾಗಿದೆಯೇ ಎಂದು ವೈದ್ಯರಿಂದ ನೋಡಿಸಿರಿ. ಗರ್ಭಿಣಿಯಾದಾಗ ತೂಕ ಏರಿದರೆ ಅದನ್ನು ಮರಳಿದ ತೂಕವೆಂದು ಎಣಿಸಿ ಊಟ ಬಿಡಬೇಡಿ. ಐದಾರು ತಿಂಗಳಲ್ಲಿ ಸಕ್ಕರೆ ಪರೀಕ್ಷೆಗಾಗಿ ಒಂದು ಲೋಟ ಗ್ಲುಕೋಸ್ ನೀರು ಕುಡಿಯಲು ಕೊಡುತ್ತಾರೆ; ಬೈಪಾಸ್ ಆದವರಿಗೆ ಅದನ್ನು ಕುಡಿದರೆ ತಲೆಸುತ್ತು, ಬೆವರು, ವಾಂತಿ ಬರಬಹುದು. ಪ್ರಯೋಗಾಲಯದಲ್ಲಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಶಸ್ತ್ರಚಿಕಿತ್ಸೆಯ ವಿಚಾರ ತಿಳಿಸಿ. ಅದರ ಬದಲು ಒಂದು ವಾರ ಮನೆಯಲ್ಲಿಯೇ ಊಟದ ಮೊದಲು ಮತ್ತು ಅನಂತರ ಗ್ಲುಕೋಮೀಟರ್‌ನಿಂದ ಅಳೆದ ಅಂಕಿಗಳನ್ನು ತೋರಿಸಿದರೆ ಪ್ರಸೂತಿ ವೈದ್ಯರಿಗೆ ಸಾಕಾಗುತ್ತದೆ.